ಖಾಲಿ ಹೊಟ್ಟೆಯ ಒಂದು ಗಂಟೆ

ಮೊಖೋಟ್ಲೋಂಗ್ ಗುಡ್ಡಗಳಲ್ಲಿ ಜುಲೈ ಅಂದರೆ ಹಿಮ.
ಎರಡು ಕಣಿವೆ ದಾಟಿ ಕುದುರೆಯಿಂದ ಇಳಿಯುವಷ್ಟರಲ್ಲಿ
ನನ್ನ ಕಿವಿ ನನ್ನದಲ್ಲ.
ನ್ತಾತೆ ಮೊಹಾಪಿ ಬಾಗಿಲಲ್ಲೇ ಅಂಗೈ ಚಾಚುತ್ತಾನೆ.
ನಾಲ್ಕು ಮಾತ್ರೆ. ನನ್ನ ಕಣ್ಣೆದುರೇ ನುಂಗಬೇಕು, ಅದು ನಿಯಮ.
ನುಂಗಿ, ನಾಲಿಗೆ ಎತ್ತಿ ತೋರಿಸುತ್ತಾನೆ
ಶಾಲೆಯ ಹುಡುಗ ಉಗುರು ತೋರಿಸುವ ಹಾಗೆ.

ಇನ್ನೊಂದು ಗಂಟೆ ಏನೂ ತಿನ್ನುವಂತಿಲ್ಲ.
ಒಲೆಯ ಮೇಲೆ ಮೆಕ್ಕೆಜೋಳದ ಪಾಪಾ
ಗಟ್ಟಿಯಾಗುತ್ತ ಲೊಟಲೊಟ ಅನ್ನುತ್ತದೆ.
"ಹಸಿದ ಹೊಟ್ಟೆಗೆ ಇದೆಂಥ ಕಾವಲು, ಮೆ ಲಿನೇಯೊ?"
ಊಟ ಜೊತೆಗಿದ್ದರೆ ಮದ್ದು ಸಂತೆಯಲ್ಲಿ ಸಿಕ್ಕಿಬೀಳುತ್ತದೆ,
ತಡವಾಗಿ, ಸೊರಗಿ ಬರುತ್ತದೆ ಅನ್ನುತ್ತೇನೆ.
ಅವನು ಪಾತ್ರೆಗೆ ಬೆನ್ನು ಹಾಕಿ ಕೂರುತ್ತಾನೆ.

"ಈಗ ಎಲ್ಲಿದೆ?"
ದಿನವೂ ಇದೇ ಪ್ರಶ್ನೆ. ಇಳಿಯುವುದೆಂದರೆ ಏನೆಂದು ಗೊತ್ತವನಿಗೆ.
ವೆಲ್ಕಮ್‌ನ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ
ಭುಜಕ್ಕೆ ಭುಜ ಒತ್ತಿ ಪಂಜರದೊಳಗೆ ನಿಂತು
ಸೂರ್ಯ ಹುಟ್ಟುವ ಮೊದಲೇ ಎರಡು ಕಿಲೋಮೀಟರ್ ಕೆಳಗೆ.

ಈಗ ಸಣ್ಣ ಕರುಳಲ್ಲಿದೆ ನ್ತಾತೆ,
ಕರಗಿ, ಗೋಡೆಯಲ್ಲಿ ನುಸುಳಿ, ರಕ್ತಕ್ಕೆ ಬೀಳುತ್ತಿದೆ.
"ಅಲ್ಲಿಂದ ನೇರ ಎದೆಗೆ."
ಎಲ್ಲಿಯ ನೇರ! ಮೊದಲು ಯಕೃತ್ತಿನ ಸುಂಕದಕಟ್ಟೆ.
"ಮಸೇರು ಸೇತುವೆ," ಅಂದ ತಟ್ಟನೆ.
ಕಂಬಳಿ, ರೇಡಿಯೋ, ಮಕ್ಕಳ ಬೂಟು ಹೊತ್ತು
ಡಿಸೆಂಬರಿನ ಸಾಲಿನಲ್ಲಿ ನಿಂತವನು.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು,
ಅವನ ಪಾಲು ಅವನು ತೆಗೆದೇ ತೆಗೆಯುತ್ತಾನೆ.
ಇದರಲ್ಲೊಂದು ತಮಾಷೆ ಕೇಳು:
ಈ ಕೆಂಪು ಮಾತ್ರೆಯೇ ಅವನಿಗೆ ಚುರುಕು ಕಲಿಸುವುದು.
ನಾಲ್ಕು ವಾರ ಕಲಿತು, ಐದನೆಯ ವಾರ
ಕಲಿಸಿದವನನ್ನೇ ಬೇಗ ಬೇಗ ಹೊರದಬ್ಬುತ್ತಾನೆ.

ದಾಟಿ ಬಂದದ್ದರಲ್ಲೂ ಹತ್ತಕ್ಕೆ ಎಂಟು
ರಕ್ತದ ಪ್ರೋಟೀನಿಗೆ ಜೋತುಬಿದ್ದು ಬಿಟ್ಟಿ ಸವಾರಿ.
ಕೈಬಿಟ್ಟ ಎರಡು ಪಾಲಷ್ಟೇ ಕೆಲಸಕ್ಕೆ ಇಳಿಯುವುದು.
"ನಮ್ಮ ಪಾಳಿಯೂ ಥೇಟ್ ಹೀಗೇ,"
ಎಂದು ನಕ್ಕ. ನಗು ಕೆಮ್ಮಿಗೆ ತಿರುಗಿತು.
ಕಿಟಕಿ ಅಗಲ ತೆರೆದು ಕಾದೆ, ನಿಲ್ಲುವವರೆಗೆ.

"ರಕ್ತವೇ ಹೋಗದ ಕಡೆಗೆ?"

ಅವನ ಎಕ್ಸ್‌ರೇ ನಾನು ನೋಡಿದ್ದೇನೆ.
ಬಲಗಡೆ ಮೇಲೆ, ಕೋಳಿಮೊಟ್ಟೆಯಷ್ಟು ಪೊಳ್ಳು.
ಸುತ್ತಲ ಗೋಡೆ ಸತ್ತಿದೆ, ಗಿಣ್ಣಿನ ಹಾಗೆ ಮೆತ್ತಗೆ,
ಅಲ್ಲಿಗೆ ಹೋಗುವ ರಕ್ತನಾಳಗಳೆಲ್ಲ ಮುಚ್ಚಿಹೋಗಿವೆ.
ಹುಳು ಇರುವುದೂ ಅಲ್ಲೇ.
ಜಿನುಗುತ್ತದೆ, ಅಂದೆ. ದಾರಿ ಇಲ್ಲದ ಕಡೆ
ಮದ್ದು ಜಿನುಗಿ ಜಿನುಗಿ ಹೋಗುತ್ತದೆ. ಅದಕ್ಕೇ ಆರು ತಿಂಗಳು.

"ಸೆಲ್ಲೊಗಾಗಿ ಒಂಬತ್ತು ದಿನ ತೋಡಿದರು," ಅಂದ.
"ಕುಸಿದ ಬಂಡೆಯ ಆಚೆಯಿಂದ ಮೊದಲೆರಡು ದಿನ
ಕೊಳವೆ ಬಡಿದ ಸದ್ದು ಕೇಳುತ್ತಿತ್ತು.
ಹತ್ತನೆಯ ದಿನ ನಮ್ಮನ್ನು ಬೇರೆ ಸುರಂಗಕ್ಕೆ ಕಳಿಸಿದರು."

ಸೆಲ್ಲೊ ಯಾರು ಎಂದು ಕೇಳಲಿಲ್ಲ.
ಗೋಡೆಯ ಮೇಲೆ ಒಂದೇ ಫೋಟೋ ಇದೆ: ಒಂದೇ ಮೂಗಿನ ಇಬ್ಬರು,
ಇಬ್ಬರಿಗೂ ಹೊಸ ಹೆಲ್ಮೆಟ್ಟು.

ಪಾಪಾ ತಳ ಹಿಡಿದ ವಾಸನೆ.
ಅವನು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ.
ಒರೆಸಿದ ಕಡೆ ಬಿಳಿಪಟ್ಟೆಯ ಮೇಲೆ ಕಿತ್ತಳೆ ಬಣ್ಣ.
ಬೆಳಕಿಗೆ ಹಿಡಿದು ನೋಡಿದ, ಉಜ್ಜಿದ, ಹೋಗಲಿಲ್ಲ.
ಉಚ್ಚೆ, ಬೆವರು, ಕಣ್ಣೀರು, ಮೂರೂ ಬಣ್ಣ ತಿರುಗುತ್ತವೆ,
ಹೆದರಬೇಡ ಎಂದು ಮೊದಲ ದಿನವೇ ಹೇಳಿದ್ದೆ.
ಮೂರನೆಯದನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ಇಲ್ಲಿಗೂ ಬಂತಾ?"
ಬಂತು ನ್ತಾತೆ.

ಸಂಜೆಯೊಳಗೆ ಅರ್ಧ, ರಾತ್ರಿಯೊಳಗೆ ಅರ್ಧದ ಅರ್ಧ,
ಪಿತ್ತಕ್ಕಷ್ಟು, ಮೂತ್ರಪಿಂಡಕ್ಕಷ್ಟು,
ಕೋಳಿ ಕೂಗುವ ಹೊತ್ತಿಗೆ ಹೆಸರಿಗೂ ಉಳಿಯುವುದಿಲ್ಲ.
ಹಾಗಾಗಿ ನಾಳೆ ಮತ್ತೆ ಬರಬೇಕು, ಹಿಮ ಬಿದ್ದರೂ.
ಪುಸ್ತಕದಲ್ಲಿ ಐವತ್ತೇಳನೆಯ ಚೌಕಕ್ಕೆ ಗೀಟು ಹಾಕಿದೆ.

"ಗಂಟೆ ಆಯಿತಾ?"
ಇನ್ನೂ ಏಳು ನಿಮಿಷ.
ಎದ್ದು ಹಿತ್ತಲಿಗೆ ಹೋದ. ದನ ಕಾಯುವ ಹುಡುಗರು
ಅಲ್ಲಿಂದ ಕಿರುಚುತ್ತ ನಗುವುದು ಕೇಳಿಸಿತು.
ನಾನು ಹೊರಡುವಾಗ ನೋಡಿದೆ,
ಹಿಮದಲ್ಲಿ ಕೊರೆದ ಕಿತ್ತಳೆ ಗುಂಡಿ,
ಇನ್ನೂ ಸಣ್ಣಗೆ ಹಬೆಯಾಡುತ್ತಿತ್ತು.
ಕುದುರೆ ಅದನ್ನು ಮೂಸಿ, ಸೀನಿ, ಪಕ್ಕಕ್ಕೆ ಹೆಜ್ಜೆ ಇಟ್ಟಿತು.